ಗೇರ್ ನಾಬ್ ಒಡೆದು ಕೈಗೇ ಬಂದಿದೆ, ಆಟೊಮ್ಯಾಟಿಕ್ ಕಾರನ್ನು ‘ಪಿ’ಯಿಂದ ಹೊರತರುವುದು ಹೇಗೆ?

ಪ್ರಶ್ನೆ: ನನ್ನದು ಹನ್ನೆರಡು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು. ಮೊನ್ನೆ ಕಾರು ನಿಲ್ಲಿಸಿ ‘ಪಿ’ಗೆ, ಅಂದರೆ ಪಾರ್ಕಿಂಗ್ ಗೇರಿಗೆ, ಹಾಕುವಾಗ ಗೇರ್ ನಾಬ್ ಚಟ್ಟೆಂದು ಸೀಳಿ ಕೈಗೇ ಬಂತು. ಬದಿಯಲ್ಲಿದ್ದ ಬಟನ್ ಎರಡು ತುಂಡಾಗಿ ಸೀಟಿನ ಕೆಳಗೆಲ್ಲೋ ಹೋಯಿತು. ಈಗ ಅಲ್ಲಿ ಉಳಿದಿರುವುದು ಒಂದು ಕಬ್ಬಿಣದ ಕೊಳವೆ, ಅದರ ಬಾಯಲ್ಲಿ ಕಾಣುವ ಬಿಳಿ ಕಡ್ಡಿಯ ತುದಿ, ಪಕ್ಕದಲ್ಲಿ ಎರಡು ಸಣ್ಣ ವೈರು. ಲಿವರ್ ಎಳೆದರೆ ಅಲುಗುವುದಿಲ್ಲ. ಹೊಸ ನಾಬ್ ಬರಲು ಒಂದು ವಾರ ಬೇಕಂತೆ. ಅಲ್ಲಿಯವರೆಗೆ ಸ್ಕ್ರೂಡ್ರೈವರಿನಿಂದ ಹೇಗಾದರೂ ಮಾಡಿ ಓಡಿಸಬಹುದೇ? ಅಥವಾ ಬಟನ್ ಅಂಟಿಸಿಕೊಂಡರೆ ನಡೆದೀತೇ?

ಉತ್ತರ: ಮೊದಲು ಸಮಾಧಾನದ ಮಾತು. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಗೇರ್‌ಬಾಕ್ಸಿಗೆ ಏನೂ ಆಗಿಲ್ಲ. ಒಡೆದಿರುವುದು ಮುಷ್ಟಿಯಷ್ಟು ಪ್ಲಾಸ್ಟಿಕ್ಕು. ಆ ಬಿಳಿ ಕಡ್ಡಿಯನ್ನು ಒತ್ತಿ ಕಾರನ್ನು ‘ಪಿ’ಯಿಂದ ಹೊರತರಬಹುದು, ಗ್ಯಾರೇಜಿನವರೆಗೆ ಓಡಿಸಲೂಬಹುದು. ಆದರೆ ವಾರವಿಡೀ ಹಾಗೇ ಓಡಾಡುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಏಕೆ ಎನ್ನುವುದು ಆ ಕಡ್ಡಿ ಒಳಗೆ ಏನು ಮಾಡುತ್ತದೆ ಎಂದು ತಿಳಿದರೆ ತಾನೇ ಗೊತ್ತಾಗುತ್ತದೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಸೀಟಿನ ಕೆಳಗೆ ಹೋದ ಬಟನ್ ತುಂಡುಗಳನ್ನು ಹುಡುಕಿ ಹೊರಗೆ ತೆಗೆಯಿರಿ. ಕಾರು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಅಂಥ ಸಣ್ಣ ವಸ್ತು ಮುಂದಕ್ಕೆ ಉರುಳಿ ಪೆಡಲ್ ಕೆಳಗೆ ಸೇರಿಕೊಳ್ಳುತ್ತದೆ. ಗೇರ್ ನಾಬ್ ಇಲ್ಲದೆ ಕಾರು ನಡೆಸಬಹುದು, ಬ್ರೇಕ್ ಪೆಡಲ್ ಪೂರ್ತಿ ಇಳಿಯದೆ ನಡೆಸಲಾಗದು.

ಈಗ ಒಳಗಿನ ಕತೆ. ಮ್ಯಾನ್ಯುಯಲ್ ಕಾರಿನಲ್ಲಿ ಗೇರ್ ನಾಬ್ ಬರೀ ಹಿಡಿ. ಅದು ಕಳಚಿದರೆ ಕೈಗೆ ಚುಚ್ಚೀತೇ ಹೊರತು ಗೇರು ಬೀಳದೇ ಇರುವುದಿಲ್ಲ. ಬಟನ್ ಇರುವ ಆಟೊಮ್ಯಾಟಿಕ್ ಕಾರಿನಲ್ಲಿ ನಾಬ್ ಎಂದರೆ ಬೀಗದ ಕೈ. ಲಿವರ್ ಒಂದು ಟೊಳ್ಳು ಕೊಳವೆ. ಅದರೊಳಗೆ ಮೇಲಿನಿಂದ ಕೆಳಗಿನವರೆಗೆ ಒಂದು ಕಡ್ಡಿ ಇಳಿದಿರುತ್ತದೆ. ಕಡ್ಡಿಯ ತಳದಲ್ಲಿ ಅಡ್ಡಕ್ಕೆ ಒಂದು ಪಿನ್ನು. ಆ ಪಿನ್ನು ಪಕ್ಕದಲ್ಲಿರುವ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯ ಕಚ್ಚುಗಳಲ್ಲಿ ಕೂರುತ್ತದೆ. ‘ಪಿ’ಯ ಕಚ್ಚು ಎಲ್ಲಕ್ಕಿಂತ ಆಳ. ನೀವು ಬದಿಯಿಂದ ಬಟನ್ ಒತ್ತಿದಾಗ ನಾಬ್‌ನೊಳಗಿನ ಓರೆಯಾದ ಪ್ಲಾಸ್ಟಿಕ್ ತುಂಡೊಂದು ಜಾರಿ ಕಡ್ಡಿಯನ್ನು ಕೆಳಕ್ಕೆ ತಳ್ಳುತ್ತದೆ, ಪಿನ್ನು ಕಚ್ಚು ಬಿಟ್ಟು ಹೊರಬರುತ್ತದೆ, ಲಿವರ್ ಸರಿಯುತ್ತದೆ. ಬಟನ್ ಬಿಟ್ಟರೆ ಸ್ಪ್ರಿಂಗು ಕಡ್ಡಿಯನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಕಡ್ಡಿ ಚಲಿಸುವುದು ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟೇ.

ಇದರ ಜೊತೆಗೆ ಇನ್ನೊಬ್ಬ ಕಾವಲುಗಾರ ಇದ್ದಾನೆ: ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಸರಿಯುವ ಪುಟ್ಟ ಅಗುಳಿ. ಲಿವರ್ ‘ಪಿ’ಯಲ್ಲಿ ಇರುವಾಗ ಪಿನ್ನು ಹೊರಬರದಂತೆ ಇದು ಅಡ್ಡ ನಿಂತಿರುತ್ತದೆ. ಇಗ್ನಿಷನ್ ಆನ್ ಆಗಿ, ಕಾಲು ಬ್ರೇಕಿನ ಮೇಲಿದ್ದರೆ ಮಾತ್ರ ದಾರಿ ಬಿಡುತ್ತದೆ. ಅಮೆರಿಕದಲ್ಲಿ 2007ರ ಕಾನೂನೊಂದು ಇದನ್ನು ಕಡ್ಡಾಯ ಮಾಡಿತು. 2010ರ ಸೆಪ್ಟೆಂಬರ್ 1ರಿಂದ ಅಲ್ಲಿಗೆ ತಯಾರಾದ, ‘ಪಿ’ ಇರುವ ಆಟೊಮ್ಯಾಟಿಕ್ ಕಾರುಗಳಲ್ಲೆಲ್ಲ ಬ್ರೇಕ್ ಒತ್ತದೆ ‘ಪಿ’ಯಿಂದ ಗೇರ್ ಹೊರಬರಬಾರದು. ಕಾನೂನು ಬಂದದ್ದು ಮಕ್ಕಳ ದೆಸೆಯಿಂದ. ಕಾರಿನೊಳಗೆ ಬಿಟ್ಟುಹೋದ ಮಗು ಆಟವಾಡುತ್ತಾ ಲಿವರ್ ಎಳೆದು ಕಾರು ಉರುಳುವುದನ್ನು ತಪ್ಪಿಸಲು. ಹೀಗಾಗಿ ಆ ಬಿಳಿ ಕಡ್ಡಿಯ ಮುಖ್ಯ ಕೆಲಸ ಲಿವರನ್ನು ಬಿಡಿಸುವುದಲ್ಲ, ಹಿಡಿದಿಟ್ಟುಕೊಳ್ಳುವುದು. ಒಂದೆರಡು ಸಲ ಅದನ್ನು ಒತ್ತುವ ಕೆಲಸವನ್ನು ನೀವು ಬಟನ್ ಬದಲಿಗೆ ಮಾಡಬಹುದು. ಆದರೆ ಅದನ್ನು ಒತ್ತಿಯೇ ಇಡುವಂಥ ಯಾವ ಉಪಾಯವನ್ನೂ ಮಾಡಬಾರದು.

ಯಾವ ಚಲನೆಗೆ ಬಟನ್ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಎಷ್ಟೋ ವರ್ಷದಿಂದ ಆಟೊಮ್ಯಾಟಿಕ್ ಓಡಿಸುವವರೂ ಗಮನಿಸಿರುವುದಿಲ್ಲ, ಏಕೆಂದರೆ ಕೈ ಅಭ್ಯಾಸಬಲದಿಂದ ಯಾವಾಗಲೂ ಒತ್ತುತ್ತಲೇ ಇರುತ್ತದೆ. ಬಹುತೇಕ ಕಾರುಗಳಲ್ಲಿ ಲೆಕ್ಕ ಹೀಗಿದೆ (‘ಆರ್’ ಎಂದರೆ ರಿವರ್ಸ್, ‘ಎನ್’ ನ್ಯೂಟ್ರಲ್, ‘ಡಿ’ ಮುಂದಕ್ಕೆ ಓಡಿಸುವ ಡ್ರೈವ್). ‘ಪಿ’ಯಿಂದ ಹೊರಡಲು ಬಟನ್ ಬೇಕು. ‘ಆರ್’ನಿಂದ ‘ಎನ್’ಗೆ, ‘ಎನ್’ನಿಂದ ‘ಡಿ’ಗೆ ಬೇಡ, ಸುಮ್ಮನೆ ಎಳೆದರೆ ಸಾಕು. ‘ಡಿ’ಯಿಂದ ‘ಎನ್’ಗೆ ತಳ್ಳುವುದಕ್ಕೂ ಬೇಡ. ಅಪಾಯದಲ್ಲಿ ಥಟ್ಟನೆ ನ್ಯೂಟ್ರಲ್‌ಗೆ ತರಲು ಸಾಧ್ಯವಾಗಲಿ ಎಂದೇ ಹಾಗೆ ಮಾಡಿದ್ದಾರೆ. ‘ಎನ್’ನಿಂದ ‘ಆರ್’ಗೆ, ‘ಆರ್’ನಿಂದ ‘ಪಿ’ಗೆ ಮಾತ್ರ ಮತ್ತೆ ಬಟನ್ ಬೇಕು. ಅಂದರೆ ಮುಂದಕ್ಕೇ ಹೋಗಿ ಮುಂದಕ್ಕೇ ನಿಲ್ಲಿಸುವ ಪ್ರಯಾಣದಲ್ಲಿ ನಿಮಗೆ ಕಡ್ಡಿಯ ಅಗತ್ಯ ಬೀಳುವುದು ಎರಡೇ ಸಲ, ಹೊರಡುವಾಗ ಮತ್ತು ನಿಲ್ಲಿಸುವಾಗ. ಈ ಲೆಕ್ಕ ಕೈಯಲ್ಲಿದ್ದರೆ ಅರ್ಧ ಗಾಬರಿ ಇಳಿದಂತೆ.

ಕಡ್ಡಿಗೆ ಕೈ ಹಾಕುವ ಮೊದಲು ತೊಂದರೆ ನಿಜವಾಗಿಯೂ ನಾಬ್‌ನದೇ ಎಂದು ಖಾತ್ರಿ ಮಾಡಿಕೊಳ್ಳಿ. ನಿಮ್ಮ ವಿಷಯದಲ್ಲಿ ಕಣ್ಣಿಗೇ ಕಾಣುತ್ತಿದೆ, ಆದರೂ ಇದೇ ಪ್ರಶ್ನೆ ಇಟ್ಟುಕೊಂಡ ಬೇರೆಯವರಿಗೂ ಉಪಯೋಗವಾಗಲಿ. ಬಟನ್ ಒತ್ತಿದಾಗ ಹತ್ತಿಯಂತೆ ಒಳಗೆ ಹೋಗಿ, ಸ್ಪ್ರಿಂಗಿನ ಬಿಗಿಯೇ ಇಲ್ಲ ಎಂದಾದರೆ ನಾಬ್‌ನೊಳಗಿನ ಓರೆ ತುಂಡು ಮುರಿದಿದೆ. ಬಟನ್ ಕಲ್ಲಿನಂತೆ ಗಟ್ಟಿ, ಒಳಗೇ ಹೋಗುವುದಿಲ್ಲ ಎಂದಾದರೆ ನಾಬ್ ಸರಿಯಾಗಿಯೇ ಇದೆ, ಕಾವಲುಗಾರ ದಾರಿ ಬಿಡುತ್ತಿಲ್ಲ. ಆಗ ಯಾರಿಗಾದರೂ ಹೇಳಿ ಹಿಂದಿನಿಂದ ಬ್ರೇಕ್ ಲೈಟು ನೋಡಿಸಿ. ಲೈಟು ಹತ್ತದಿದ್ದರೆ ಬ್ರೇಕ್ ಪೆಡಲ್ ಮೇಲಿನ ಸ್ವಿಚ್ಚೋ ಅದರ ಫ್ಯೂಸೋ ಹೋಗಿದೆ. ಕಾರಿಗೆ ನೀವು ಬ್ರೇಕ್ ಒತ್ತಿದ್ದೇ ಗೊತ್ತಾಗುತ್ತಿಲ್ಲ. ಲೈಟು ಹತ್ತಿದರೂ ಗೇರ್ ಲಿವರ್ ಬುಡದಲ್ಲಿ ಸಣ್ಣಗೆ ‘ಟಿಕ್’ ಎಂಬ ಸದ್ದು ಬರದಿದ್ದರೆ ಸೊಲೆನಾಯ್ಡನ್ನೇ ಅನುಮಾನಿಸಬೇಕು. ಬ್ಯಾಟರಿ ಪೂರ್ತಿ ಇಳಿದಾಗಲೂ ಇದೇ ಕತೆ. ಪಾಪ, ಬ್ರೇಕ್ ಲೈಟ್ ಫ್ಯೂಸ್ ಒಂದು ಸುಟ್ಟಿದ್ದಕ್ಕೆ ನಾಬನ್ನೇ ಬಲವಂತವಾಗಿ ಮುರಿದುಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಲಿವರ್ ಯಾವ ಕಚ್ಚಿಗೂ ಸಿಗದೆ ಸಡಿಲವಾಗಿ ಓಲಾಡುತ್ತಿದೆ, ಅಥವಾ ಲಿವರ್ ‘ಪಿ’ಗೆ ಬಂದರೂ ಮೀಟರಿನಲ್ಲಿ ಬೇರೆ ಅಕ್ಷರ ತೋರಿಸುತ್ತಿದೆ ಎಂದಾದರೆ ನಾಬ್ ಬಗ್ಗೆ ಯೋಚಿಸಲೇಬೇಡಿ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲಿನ ತುದಿಯನ್ನು ಹಿಡಿದಿಡುವ ಪುಟ್ಟ ಬಳೆ, ಅಂದರೆ ಬುಷ್, ಪುಡಿಯಾಗಿ, ಕೇಬಲ್ ಕಳಚಿಕೊಂಡಿರಬಹುದು. ಇದೇ ಬುಷ್ಷಿನ ದೋಷಕ್ಕೆ 2022ರಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಸುಮಾರು 29 ಲಕ್ಷ ವಾಹನಗಳನ್ನು ರೀಕಾಲ್ ಮಾಡಿತ್ತು, ಅಂದರೆ ರಿಪೇರಿಗೆಂದು ವಾಪಸು ಕರೆಸಿತ್ತು. ಇಲ್ಲಿ ಲಿವರ್ ಹೇಳುವುದು ಒಂದು, ಗೇರ್‌ಬಾಕ್ಸ್ ಇರುವುದು ಇನ್ನೊಂದು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಟೋ ಮಾಡಿಸಿ.

ಇನ್ನು ನಿಮ್ಮ ಕಾರಿಗೆ ಬರೋಣ.

ಬೇಕಾಗುವುದು ಒಂದು ಸಣ್ಣ ಸ್ಕ್ರೂಡ್ರೈವರ್, ತುದಿ ಮೊಂಡಾಗಿರುವಂಥದ್ದು, ಕೊಳವೆಯ ಬಾಯಿಗಿಂತ ಸಣ್ಣದು. ಚೂಪು ಮೊನೆ ಬೇಡ, ಪ್ಲಾಸ್ಟಿಕ್ ಕಡ್ಡಿಯ ತಲೆ ಸೀಳಿಬಿಡುತ್ತದೆ. ಆ ಎರಡು ವೈರುಗಳ ತುದಿ ಕಿತ್ತು ತಾಮ್ರ ಕಾಣುತ್ತಿದ್ದರೆ ಬೇರೆಬೇರೆಯಾಗಿ ಇನ್ಸುಲೇಷನ್ ಟೇಪು ಸುತ್ತಿ. ನಾಬ್ ಮೇಲೆ ಓವರ್‌ಡ್ರೈವ್ ಬಟನ್ (ಎಲ್ಲಕ್ಕಿಂತ ಮೇಲಿನ ಗೇರನ್ನು ತಡೆಯುವ ಬಟನ್) ಇದ್ದಿದ್ದರೆ ಅದರ ವೈರು ಅವೇ. ಎರಡೂ ತಾಗಿಕೊಂಡರೆ ಕಾರು ಓವರ್‌ಡ್ರೈವ್ ಬಟನ್ ಒತ್ತಿದಂತೆಯೇ ತಿಳಿದು, ಮೇಲಿನ ಗೇರಿಗೆ ಹೋಗದೆ ಎಂಜಿನ್ ಕೂಗಿಕೊಂಡೇ ಓಡಬಹುದು. ಕೊಳವೆಯ ಅಂಚಿಗೂ ಎರಡು ಸುತ್ತು ಟೇಪು ಹಾಕಿ. ಆ ಅಂಚು ಬ್ಲೇಡಿನಂತೆ ಇರುತ್ತದೆ.

ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಆದರೆ ಸ್ವಿಚ್ ಎತ್ತಿ, ಮೀಟರಿನಲ್ಲಿ ಕೆಂಪು ದೀಪ ನೋಡಿ. ಚಕ್ರದ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಇಡಿ. ಅತಿಯಾಯಿತು ಅನ್ನಿಸಬಹುದು. ಆದರೆ ಈ ಕೆಲಸಕ್ಕೆ ನೀವು ಬಗ್ಗಬೇಕು, ಎರಡೂ ಕೈ ಲಿವರಿನ ಮೇಲಿರಬೇಕು, ಕಣ್ಣು ಕೊಳವೆಯ ಬಾಯಲ್ಲಿರಬೇಕು. ಸೊಂಟ ತಿರುಗಿದ ಕೂಡಲೇ ಬ್ರೇಕ್ ಮೇಲಿನ ಪಾದ ತಾನಾಗಿಯೇ ಸಡಿಲವಾಗುತ್ತದೆ. ನಾನೂ ಒಮ್ಮೆ ಹಾಗೇ ಬಗ್ಗಿ, ಹಿಮ್ಮಡಿ ಎತ್ತಿದ್ದು ಗೊತ್ತೇ ಆಗದೆ, ಕಾರು ಒಂದಡಿ ಸರಿದ ಮೇಲೆ ಎಚ್ಚೆತ್ತವನು.

ಈಗ ಮುಖ್ಯವಾದ ಸೂಕ್ಷ್ಮ ಒಂದಿದೆ. ಇಷ್ಟನ್ನೂ ಎಂಜಿನ್ ಓಡುತ್ತಿರುವಾಗ ಮಾಡಬೇಕಾಗಿಲ್ಲ. ಸೊಲೆನಾಯ್ಡಿಗೆ ಬೇಕಿರುವುದು ಇಗ್ನಿಷನ್ ಆನ್ ಮಾತ್ರ. ಆದ್ದರಿಂದ ಕೀಯನ್ನು ಆನ್‌ವರೆಗೆ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಪುಶ್ ಬಟನ್ ಕಾರಾದರೆ ಬ್ರೇಕ್ ಒತ್ತದೆ ಸ್ಟಾರ್ಟ್ ಬಟನ್ನನ್ನು ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಈ ಸ್ಥಿತಿ ಬರುತ್ತದೆ. ಆಮೇಲೆ ಬ್ರೇಕ್ ಒತ್ತಿ, ‘ಟಿಕ್’ ಕೇಳಿ, ಸ್ಕ್ರೂಡ್ರೈವರಿನಿಂದ ಬಿಳಿ ಕಡ್ಡಿಯನ್ನು ನೇರಕ್ಕೆ ಕೆಳಗೆ ಒತ್ತಿ. ಸ್ಪ್ರಿಂಗಿನ ಬಿಗಿ ಕೈಗೆ ಸಿಗಬೇಕು. ಇನ್ನೊಂದು ಕೈಯಿಂದ ಕೊಳವೆಯ ಬುಡ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಲಿವರ್ ‘ಪಿ’ಯನ್ನು ಬಿಟ್ಟ ಆ ಕ್ಷಣವೇ ಸ್ಕ್ರೂಡ್ರೈವರನ್ನು ಹೊರಗೆ ತೆಗೆಯಿರಿ, ಲಿವರನ್ನು ಮಾತ್ರ ಎಳೆಯುತ್ತಾ ‘ಎನ್’ಗೆ ತಂದು ನಿಲ್ಲಿಸಿ. ಒತ್ತಿಕೊಂಡೇ ಎಳೆದರೆ ತಡೆಯುವ ಕಚ್ಚೇ ಇಲ್ಲದೆ ಲಿವರ್ ‘ಡಿ’ಯನ್ನೂ ದಾಟಿ ಕೆಳಗಿನ ಗೇರಿಗೆ ಹೋಗಿ ಕೂರುತ್ತದೆ.

ಈಗ ಕಾರು ‘ಎನ್’ನಲ್ಲಿದೆ, ಸ್ಕ್ರೂಡ್ರೈವರ್ ಡಬ್ಬಿಯಲ್ಲಿದೆ. ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲಿ ಹೇಗೋ ಹಾಗೆ ‘ಎನ್’ನಲ್ಲೂ ಸ್ಟಾರ್ಟ್ ಆಗುತ್ತದೆ. ನೇರ ಕೂತು, ಕಾಲನ್ನು ಬ್ರೇಕಿನ ಮೇಲೆ ಭದ್ರವಾಗಿಟ್ಟು ಸ್ಟಾರ್ಟ್ ಮಾಡಿ. ‘ಎನ್’ನಿಂದ ‘ಡಿ’ಗೆ ಕಡ್ಡಿಯ ಹಂಗಿಲ್ಲ. ಚಕ್ರದ ಕಲ್ಲು ತೆಗೆಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಹೊರಡಿ.

ನಿಲ್ಲಿಸುವಾಗ ಇದನ್ನೇ ಹಿಂದುಮುಂದಾಗಿ ಮಾಡಿ. ಕಾರು ಪೂರ್ತಿ ನಿಂತ ಮೇಲೆ ‘ಎನ್’ಗೆ ತಳ್ಳಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್‌ನಲ್ಲೇ ಇಡಿ. ಕಡ್ಡಿ ಒತ್ತಿ ‘ಆರ್’ ದಾಟಿಸಿ ‘ಪಿ’ಗೆ ತಳ್ಳಿ. ಎಂಜಿನ್ ಓಡುತ್ತಿಲ್ಲವಾದ್ದರಿಂದ ‘ಆರ್’ ದಾಟುವಾಗ ಕಾರು ಹಿಂದಕ್ಕೆ ಜಿಗಿಯುವ ಭಯವಿಲ್ಲ. ‘ಪಿ’ ಬಿದ್ದ ಮೇಲೆ ಕೀ ಹೊರಬರುತ್ತದೆ. ಕೀ ಬರುತ್ತಿಲ್ಲ ಎಂದರೆ ಲಿವರ್ ಇನ್ನೂ ‘ಪಿ’ಯ ಕಚ್ಚಿನಲ್ಲಿ ಕೂತಿಲ್ಲ ಎಂದೇ ಅರ್ಥ. ಪುಶ್ ಬಟನ್ ಕಾರು ಇಂಥಲ್ಲಿ ಪೂರ್ತಿ ಆಫ್ ಆಗದೆ ಪಿರಿಪಿರಿ ಬೀಪ್ ಹಾಕುತ್ತದೆ, ಹಾಗೇ ಬಿಟ್ಟುಹೋದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ.

ಗಮನಿಸಿ, ಈ ಕ್ರಮದಲ್ಲಿ ರಿವರ್ಸ್ ಒಂದೇ ಸಮಸ್ಯೆ. ‘ಆರ್’ನಲ್ಲಿ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಆದ್ದರಿಂದ ಹಿಂದಕ್ಕೆ ಹೋಗಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಒತ್ತಬೇಕು. ಈಗಲೇ ಕಾರು ಗೋಡೆಗೆ ಮೂಗು ಹಚ್ಚಿ ನಿಂತಿದ್ದರೆ, ಎಂಜಿನ್ ಆಫ್ ಇರುವಾಗಲೇ ‘ಎನ್’ಗೆ ತಂದು, ಸಮತಟ್ಟು ನೆಲವಾದರೆ ಇಬ್ಬರಿಂದ ತಳ್ಳಿಸಿ ತಿರುಗಿಸಿಕೊಳ್ಳಿ. ಎಂಜಿನ್ ನಿಂತಿರುವಾಗ ಬ್ರೇಕ್ ಬಿರುಸಾಗಿ, ಸ್ಟಿಯರಿಂಗ್ ಭಾರವಾಗಿ ಇರುತ್ತದೆ, ಅದಕ್ಕೆ ತಯಾರಿರಿ. ದಾರಿಯಲ್ಲೂ ಅಷ್ಟೇ: ಹಿಂದೆ ಮುಂದೆ ಮಾಡಿ ತಿರುಗಿಸಬೇಕಾದ ಇಕ್ಕಟ್ಟಿನ ಕಡೆ ಹೋಗಬೇಡಿ.

ಇಳಿಜಾರಿನಲ್ಲಿ ನಿಂತ ಕಾರಿನದು ಬೇರೆ ಗೋಳು. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸಿನೊಳಗೆ ಒಂದು ಉಕ್ಕಿನ ಹಲ್ಲು ಹೋಗಿ ಹಲ್ಲುಚಕ್ರವೊಂದಕ್ಕೆ ಕಚ್ಚಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ‘ಪಿ’ಯ ಮೇಲೆ ಬಿಟ್ಟಿದ್ದರೆ ಇಡೀ ಕಾರಿನ ತೂಕ ಆ ಒಂದು ಹಲ್ಲಿನ ಮೇಲೆ ನೇತಾಡುತ್ತಿರುತ್ತದೆ. ಅದನ್ನು ಬಿಡಿಸಲು ಲಿವರನ್ನು ಬಲವಾಗಿ ಎಳೆಯಬೇಕು, ಬಿಟ್ಟಾಗ ‘ಢಣ್’ ಎಂದು ಹೊಡೆಯುತ್ತದೆ. ನಾಬ್ ಇಲ್ಲದ ಬೋಳು ಕೊಳವೆಯನ್ನು ಹಾಗೆ ಎಳೆದರೆ ಕೈ ಜಾರುತ್ತದೆ, ಸ್ಕ್ರೂಡ್ರೈವರ್ ಅಂಗೈಗೆ ಹೋಗುತ್ತದೆ. ಇಂಥ ಜಾಗದಲ್ಲಿ ನೀವೇ ಸಾಹಸ ಮಾಡದೆ ಸಹಾಯ ಕರೆಯುವುದು ಜಾಣತನ. ಮುಂದಿನ ಸಲಕ್ಕೆ ಅಭ್ಯಾಸ ಮಾಡಿಕೊಳ್ಳಿ: ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಕಾಲು ಸಡಿಲಿಸಿ ಕಾರಿನ ಭಾರ ಅದರ ಮೇಲೆ ಕೂರಲಿ, ಕೊನೆಗೆ ‘ಪಿ’.

ಕಡ್ಡಿ ಕೆಳಗೇ ಹೋಗುತ್ತಿಲ್ಲ, ಬ್ರೇಕ್ ಲೈಟೂ ಹತ್ತುತ್ತಿಲ್ಲ ಎಂದಾದರೆ ಲಿವರ್ ಪಕ್ಕದಲ್ಲಿ ಉಗುರಿನಗಲದ ಮುಚ್ಚಳವೊಂದನ್ನು ಹುಡುಕಿ. ಬಹಳಷ್ಟು ಕಾರುಗಳಲ್ಲಿ ಅದರ ಮೇಲೆ ‘ಶಿಫ್ಟ್ ಲಾಕ್’ ಎಂದು ಬರೆದಿರುತ್ತದೆ. ಮುಚ್ಚಳ ಎಬ್ಬಿಸಿ ರಂಧ್ರದೊಳಗೆ ಕೀ ಇಳಿಸಿ ಒತ್ತಿದರೆ ಸೊಲೆನಾಯ್ಡ್ ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ಹಲವರು ಎಡವುತ್ತಾರೆ. ಈ ರಂಧ್ರ ಬ್ರೇಕಿನ ಕಾವಲನ್ನು ಮಾತ್ರ ಬಿಡಿಸುತ್ತದೆ, ಬಟನ್ನಿನ ಕೆಲಸವನ್ನು ಮಾಡುವುದಿಲ್ಲ. ಅಂದರೆ ಒಂದು ಕೈ ರಂಧ್ರದಲ್ಲಿ, ಒಂದು ಕೈ ಕಡ್ಡಿಯ ಮೇಲೆ, ಲಿವರ್ ಎಳೆಯಲು ಮೂರನೇ ಕೈ ಬೇಕು. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ.

ಕೆಲವು ಕಾರುಗಳಲ್ಲಿ ಕಡ್ಡಿಯನ್ನು ಒತ್ತಿದರಲ್ಲ, ಮೇಲಕ್ಕೆ ಎಳೆದರೆ ಬೀಗ ಬಿಡುತ್ತದೆ. ತುದಿಯಲ್ಲಿ ಕೊಕ್ಕೆಯೋ ಸುತ್ತ ತೋಡೋ ಇದ್ದರೆ ಅದೇ ಗುರುತು. ಮೂಗು ಚೂಪಾದ ಪ್ಲೇಯರ್ ಬೇಕಾಗುತ್ತದೆ. ಅಂಕುಡೊಂಕು ದಾರಿಯಲ್ಲಿ ಲಿವರ್ ಸರಿಯುವ ಕಾರುಗಳಲ್ಲಿ ಬಟನ್ನೇ ಇರುವುದಿಲ್ಲ, ಆ ಡೊಂಕೇ ಅಲ್ಲಿ ಬೀಗ. ಅಲ್ಲಿ ನಾಬ್ ಹೋದರೆ ಹೋದದ್ದು ಹಿಡಿ ಮಾತ್ರ. ಎಎಂಟಿ ಕಾರುಗಳಲ್ಲಿ, ಅಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವ ಕಾರುಗಳಲ್ಲಿ, ಸಾಮಾನ್ಯವಾಗಿ ‘ಪಿ’ಯೇ ಇಲ್ಲ, ಹಾಗಾಗಿ ಈ ತಾಪತ್ರಯವೂ ಇಲ್ಲ.

ಪೂರ್ತಿ ಎಲೆಕ್ಟ್ರಾನಿಕ್ ಶಿಫ್ಟರ್ ಇರುವವರು, ಅಂದರೆ ತಿರುಗುವ ಗುಂಡಿ ಅಥವಾ ತಳ್ಳಿಬಿಟ್ಟರೆ ತಾನೇ ನಡುವಿಗೆ ಬಂದು ನಿಲ್ಲುವ ಸಣ್ಣ ಲಿವರ್ ಇರುವವರು, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಅಲ್ಲಿ ಒಳಗೆ ಕಡ್ಡಿಯೂ ಇಲ್ಲ ಪಿನ್ನೂ ಇಲ್ಲ, ಬರೀ ಸ್ವಿಚ್ಚು ಮತ್ತು ಸರ್ಕ್ಯೂಟು. ಗೇರ್‌ಬಾಕ್ಸಿನ ಬಳಿ ಮೋಟಾರೊಂದು ‘ಪಿ’ ಹಾಕುತ್ತದೆ, ತೆಗೆಯುತ್ತದೆ. ತುರ್ತಿನಲ್ಲಿ ಅದನ್ನು ಬಿಡಿಸುವ ವಿಧಾನ ಕಾರಿನಿಂದ ಕಾರಿಗೆ ಬೇರೆ, ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ನಡುವಿಗೆ ಮರಳುವ ಲಿವರುಗಳ ಬಗ್ಗೆ ಇನ್ನೊಂದು ಮಾತು. ಅದರ ಭಂಗಿ ನೋಡಿ ಗೇರ್ ಯಾವುದೆಂದು ಹೇಳಲಾಗುವುದಿಲ್ಲ. ‘ಪಿ’ ಬಿತ್ತೆಂದುಕೊಂಡು ಜನ ಇಳಿದು, ಕಾರು ಉರುಳಿದ ಪ್ರಕರಣಗಳಾಗಿ, 2016ರಲ್ಲಿ ಫಿಯೆಟ್ ಕ್ರೈಸ್ಲರ್ ಸುಮಾರು 11 ಲಕ್ಷ ವಾಹನಗಳನ್ನು ರೀಕಾಲ್ ಮಾಡಬೇಕಾಯಿತು. ನಂಬಬೇಕಾದ್ದು ಮೀಟರಿನ ಅಕ್ಷರವನ್ನು, ಲಿವರನ್ನಲ್ಲ. ನಾಬ್ ಒಡೆದ ನಿಮ್ಮ ಕಾರಿಗೂ ಈ ಮಾತು ಅನ್ವಯ.

ಈಗ ‘ಹೇಗಾದರೂ ಮಾಡಿ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ, ಏಕೆಂದರೆ ನನಗೆ ಭಯವಿರುವುದು ಅಲ್ಲೇ. ದಿನಕ್ಕೆ ನಾಲ್ಕು ಸಲ ಸ್ಕ್ರೂಡ್ರೈವರ್ ಹಿಡಿದು ಬೇಸತ್ತವರು ಮಾಡುವ ಮುಂದಿನ ಕೆಲಸ ಒಂದೇ: ಕೊಳವೆಯೊಳಗೆ ಏನಾದರೂ ತುರುಕಿ ಕಡ್ಡಿಯನ್ನು ಒತ್ತಿದಂತೆಯೇ ಇಟ್ಟುಬಿಡುವುದು.

ಒಮ್ಮೆ ನನ್ನ ಬಳಿ ಅಂಥ ಕಾರು ಬಂದಿತ್ತು. ‘ಗೇರು ಬೆಣ್ಣೆಯಂತೆ ಬೀಳುತ್ತದೆ, ನಾಬ್ ಮಾತ್ರ ಹಾಕಿಕೊಡಿ’ ಅಂದರು. ಎಂಜಿನ್ ಓಡುತ್ತಿತ್ತು, ಲಿವರ್ ‘ಪಿ’ಯಲ್ಲಿತ್ತು. ನಾನು ಪಕ್ಕದ ಸೀಟಿನಿಂದ ಬಗ್ಗಿ ಬುಡ ನೋಡಲು ಹೋದಾಗ ಅಂಗಿಯ ತೋಳು ಕೊಳವೆಗೆ ಸಿಕ್ಕಿಕೊಂಡಿತು, ಅಷ್ಟೇ. ಲಿವರ್ ‘ಆರ್’ಗೆ ಬಂತು. ಚಾಲಕನ ಸೀಟಿನಲ್ಲಿ ಯಾರೂ ಇಲ್ಲ, ಬ್ರೇಕ್ ಮೇಲೆ ಕಾಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದ್ದರಿಂದ ಕಾರು ಒಮ್ಮೆ ಹಿಂದಕ್ಕೆ ತುಯ್ದು ನಿಂತಿತು. ಬಿಚ್ಚಿ ನೋಡಿದರೆ ಕೊಳವೆಯೊಳಗೆ ಪೆನ್ನಿನ ರೀಫಿಲ್ಲಿನ ತುಂಡು. ಅದರಿಂದ ಒತ್ತಲು ಹೋಗಿ ಅದು ಒಳಗೇ ಮುರಿದು, ಕಡ್ಡಿಗೂ ಕೊಳವೆಗೂ ನಡುವೆ ಬೆಣೆಯಂತೆ ಸಿಕ್ಕಿತ್ತು. ಪಿನ್ನು ಮೇಲೆ ಬರಲಾಗದೆ ಕೆಳಗೇ ಉಳಿದಿತ್ತು. ಸೊಲೆನಾಯ್ಡ್ ತಡೆಯಬೇಕಾದ್ದು ಪಿನ್ನು ಕಚ್ಚಿನಿಂದ ಇಳಿಯುವುದನ್ನು. ಅದು ಆಗಲೇ ಇಳಿದುಬಿಟ್ಟಿದ್ದರೆ ಅದಕ್ಕೆ ತಡೆಯಲು ಏನೂ ಉಳಿದಿಲ್ಲ. ‘ಬೆಣ್ಣೆಯಂತೆ’ ಬೀಳುತ್ತಿದ್ದುದರ ಗುಟ್ಟು ಅದು.

ಆದ್ದರಿಂದ ರೀಫಿಲ್ಲು, ಬೆಂಕಿಕಡ್ಡಿ, ಮರದ ಚೂರು ಯಾವುದನ್ನೂ ಕೊಳವೆಯೊಳಗೆ ಇಳಿಸಬೇಡಿ. ಒತ್ತುವ ವಸ್ತು ಮುರಿಯುವಂಥದ್ದಾಗಿರಬಾರದು, ಪ್ರತಿ ಸಲ ಕೈಯಲ್ಲೇ ವಾಪಸು ಬರಬೇಕು. ಪ್ರತಿ ಸಲ ಒತ್ತಿ ಬಿಟ್ಟ ಮೇಲೆ ಕಡ್ಡಿ ಮೊದಲಿದ್ದ ಎತ್ತರಕ್ಕೇ ಮೇಲೆ ಬಂತೇ ಎಂದು ಕಣ್ಣಿಟ್ಟು ನೋಡಿ. ಬರಲಿಲ್ಲವೆಂದರೆ ಅಲ್ಲಿಗೇ ಓಡಾಟ ನಿಲ್ಲಿಸಿ. ಬೋಳು ಕೊಳವೆ ಚುಚ್ಚುತ್ತದೆಂದು ಹಳೆಯ ಟೆನಿಸ್ ಚೆಂಡಿಗೆ ತೂತು ಮಾಡಿ ಸಿಕ್ಕಿಸುವವರಿದ್ದಾರೆ. ಉಪಾಯ ಚೆನ್ನಾಗಿಯೇ ಇದೆ, ಆದರೆ ಚೆಂಡು ಆಳಕ್ಕೆ ಕೂತರೆ ಕಡ್ಡಿಯನ್ನು ಅದೇ ಒತ್ತಿ ಹಿಡಿಯುತ್ತದೆ. ಬಟ್ಟೆ ಸುತ್ತುವುದಾದರೆ ಕೊಳವೆಯ ಹೊರಗೆ ಸುತ್ತಿ, ಬಾಯಿ ತೆರೆದಿರಲಿ.

ಅಂಟಿಸುವ ವಿಚಾರ: ಬೇಡ. ಬಟನ್ನಿನ ಓರೆ ತುಂಡಿನ ಮೇಲೆ ಬೀಳುವ ಬಲ ಅಂಟು ತಾಳುವಂಥದ್ದಲ್ಲ, ನಾಲ್ಕು ದಿನಕ್ಕೆ ಬಿಡುತ್ತದೆ. ಅದು ಬಿಡುವುದೇ ವಾಸಿ. ಬಿಡದೆ ಹೋಗುವುದು ಇನ್ನೂ ಕೆಟ್ಟದ್ದು, ಏಕೆಂದರೆ ತೆಳು ಅಂಟು ಒಂದು ಹನಿ ಜಾರಿ ಕೊಳವೆಯೊಳಗೆ ಇಳಿದರೆ ಕಡ್ಡಿಯೇ ಅಂಟಿಕೊಳ್ಳುತ್ತದೆ. ಆಗ ಮುಷ್ಟಿಯಷ್ಟು ಪ್ಲಾಸ್ಟಿಕ್ಕಿನ ಬದಲು ಇಡೀ ಲಿವರ್ ಅಸೆಂಬ್ಲಿಯನ್ನೇ ಬದಲಿಸಬೇಕಾದೀತು. ನಾಬ್‌ನ ಹೊರಕವಚ ಮಾತ್ರ ಸೀಳಿ ಬಟನ್ ಸರಿಯಾಗಿದ್ದವರು ಹೊರಗಿನಿಂದ ಟೇಪು ಬಿಗಿದು ಕೆಲವು ದಿನ ತಳ್ಳಬಹುದು, ಬಟನ್ ಒತ್ತಿ ಬಿಟ್ಟಾಗ ಚಿಮ್ಮಿ ಹೊರಬರುವಂತಿದ್ದರೆ.

ಟೋ ಮಾಡಿಸುವ ಪ್ರಸಂಗ ಬಂದರೆ ಇಡೀ ಕಾರನ್ನು ಲಾರಿಯ ಮೇಲೆ ಏರಿಸುವ ವಾಹನವನ್ನೇ ಕೇಳಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿರುವಾಗ ಓಡುವ ಚಕ್ರಗಳನ್ನು ನೆಲದ ಮೇಲೆ ಎಳೆದೊಯ್ದರೆ ‘ಎನ್’ನಲ್ಲಿದ್ದರೂ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ‘ಪಿ’ಯಲ್ಲೇ ಎಳೆದರಂತೂ ಕೇಳುವುದೇ ಬೇಡ.

ಹೊಸ ನಾಬ್ ತರಿಸುವಾಗ ಕಾರಿನ ಚಾಸಿ ನಂಬರ್ ಕೊಟ್ಟೇ ತರಿಸಿ. ಅಂದಕ್ಕೆಂದು ಮಾರುವ ಎಲ್ಲ ಕಾರಿಗೂ ಹೊಂದುವ ನಾಬ್‌ಗಳಲ್ಲಿ ಬಹುಪಾಲಿಗೆ ಬಟನ್ ಇರುವುದಿಲ್ಲ, ನಿಮ್ಮ ಕಾರಿಗೆ ಅವು ಬರೀ ಟೋಪಿ. ಹಳೆಯದರ ಉಳಿಕೆ ತೆಗೆಯುವಾಗ ಮೊದಲು ಅದು ಹೇಗೆ ಕೂತಿದೆ ನೋಡಿ: ಕೆಲವಕ್ಕೆ ಮುಂಬದಿಯಲ್ಲಿ ಎರಡು ಪುಟ್ಟ ಸ್ಕ್ರೂ, ಕೆಲವು ತಿರುಪಿ ಬಿಚ್ಚುವಂಥವು, ಕೆಲವಕ್ಕೆ ಚರ್ಮದ ಹೊದಿಕೆಯ ಕುತ್ತಿಗೆಯ ಕೆಳಗೆ ಅಡಗಿದ ಕ್ಲಿಪ್ಪು. ಕ್ಲಿಪ್ಪು ತೆಗೆಯದೆ ಎರಡೂ ಕೈಯಿಂದ ಜಗ್ಗಿದರೆ ನಾಬ್ ಒಮ್ಮೆಲೇ ಬಿಟ್ಟು ಸೀದಾ ನಿಮ್ಮ ಮೂಗಿಗೇ ಗುದ್ದುತ್ತದೆ. ನಮ್ಮ ಹುಡುಗರಲ್ಲಿ ಇದನ್ನು ಒಮ್ಮೆಯಾದರೂ ತಿನ್ನದವರಿಲ್ಲ. ಕೆಲವು ಹೊಸ ನಾಬ್‌ಗಳ ಬಟನ್ನನ್ನು ಹಿಡಿದಿಡಲು ಒಂದು ಪ್ಲಾಸ್ಟಿಕ್ ಪಿನ್ನು ಸಿಕ್ಕಿಸಿ ಕಳಿಸುತ್ತಾರೆ. ನಾಬ್ ಪೂರ್ತಿ ಕೂರುವ ತನಕ ಅದನ್ನು ಕೀಳಬೇಡಿ, ಕಿತ್ತರೆ ಕಡ್ಡಿಯ ಜೊತೆ ಬಟನ್ ಹೊಂದುವುದೇ ಇಲ್ಲ.

ಹಾಕಿದ ಮೇಲೆ ಎಂಜಿನ್ ಆಫ್ ಇರುವಾಗಲೇ, ಹ್ಯಾಂಡ್‌ಬ್ರೇಕ್ ಎಳೆದು, ನೀವೇ ಪರೀಕ್ಷೆ ಮಾಡಿ. ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತದೆ ಬಟನ್ ಒತ್ತಿ ಎಳೆದರೆ ಲಿವರ್ ಬರಬಾರದು. ಬ್ರೇಕ್ ಒತ್ತಿ, ಬಟನ್ ಮುಟ್ಟದೆ ಎಳೆದರೂ ಬರಬಾರದು. ಎರಡೂ ಒಟ್ಟಿಗೆ ಆದಾಗ ಮಾತ್ರ ಬರಬೇಕು. ಪ್ರತಿ ಗೇರಿಗೂ ಮೀಟರಿನ ಅಕ್ಷರ ಹೊಂದಬೇಕು, ‘ಆರ್’ನಲ್ಲಿ ಹಿಂದಿನ ಬಿಳಿ ದೀಪ ಹತ್ತಬೇಕು. ನಂತರ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು, ಸ್ಟಾರ್ಟರ್ ತಿರುಗುವುದು ‘ಪಿ’ ಮತ್ತು ‘ಎನ್’ನಲ್ಲಿ ಮಾತ್ರವೇ ಎಂದು ನೋಡಿ.

ಒಡೆದ ನಾಬನ್ನು ಹೊಸದು ಕೂರುವವರೆಗೆ ಎಸೆಯಬೇಡಿ. ತುಂಡುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ ನೋಡಿ, ಬಟನ್ನಿನ ಪುಟ್ಟ ಸ್ಪ್ರಿಂಗೂ ಸೇರಿ. ಯಾವುದಾದರೂ ಚೂರು ಲೆಕ್ಕಕ್ಕೆ ಸಿಗದಿದ್ದರೆ ಅದು ಕೊಳವೆಯೊಳಗೋ ಲಿವರ್ ಬುಡದ ಹೊದಿಕೆಯ ಕೆಳಗೋ ಇರಬಹುದು. ಮೆಕ್ಯಾನಿಕ್‌ಗೆ ಅದನ್ನು ಹೇಳಿ, ನಾಬ್ ಹಾಕುವ ಮೊದಲೇ ಹೊದಿಕೆ ಎತ್ತಿ ಟಾರ್ಚ್ ಬಿಟ್ಟು ನೋಡಲಿ.